ಮುಂದೆ ಮಾಡಿದ ಬಾಗಿಲು

ಬಾಗಿಲು ಮಾಡುವುದು ನನ್ನ ಉದ್ಯೋಗ. ಮರದ ಬಾಗಿಲಲ್ಲ, ಕಬ್ಬಿಣದ್ದೂ ಅಲ್ಲ. ಹೈದರಾಬಾದಿನ ಒಂದು ಸಣ್ಣ ಕಂಪನಿಯಲ್ಲಿ ನಾವು ವಿಡಿಯೋ ಗೇಮ್ ತಯಾರಿಸುತ್ತೇವೆ. ಅದರಲ್ಲಿ ನಾಲ್ಕು ಜನ ತಂತಮ್ಮ ಮನೆಯಲ್ಲೇ ಕೂತು, ಎಲ್ಲರೂ ಕೂಡಿ ಒಂದು ಸಬ್‌ಮರೀನ್ ನಡೆಸಬೇಕು. ಸಮುದ್ರದ ತಳದಲ್ಲಿ ಎಲ್ಲೋ ಅದರ ಮೈ ಒಡೆಯುತ್ತದೆ, ನೀರು ನುಗ್ಗುತ್ತದೆ, ಆಗ ಓಡಿಹೋಗಿ ಬಾಗಿಲು ಹಾಕಬೇಕು. ಆ ಬಾಗಿಲೂ ಆ ನೀರೂ ನನ್ನ ಪಾಲಿಗೆ ಬಂದಿವೆ. ಮೀನು ಮಾಡುವವನಿಗೆ ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆ. ಬಾಗಿಲು ಸರಿಯಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಟ್ಟಾಗ ಮಾತ್ರ ನನ್ನನ್ನು ಕೂಗುತ್ತಾರೆ.

ಅವ್ವ ನೆಂಟರಿಗೆಲ್ಲ ಮಗಳು ಬಾಗಿಲಿನ ಕೆಲಸ ಮಾಡುತ್ತಾಳೆ ಎಂದೇ ಹೇಳಿದ್ದಾಳೆ. ಬೇಗಂ ಬಜಾರಿನಲ್ಲಿ ಬಿಜಾಗರಿ, ಚಿಲಕ, ಮೊಳೆಗಳ ಸಗಟು ಅಂಗಡಿ ಇಟ್ಟಿರುವ ಸೋದರಮಾವ ಇದನ್ನು ಕೇಳಿ ಸಂತೋಷಪಟ್ಟು, ಎಷ್ಟು ಬಿಜಾಗರಿ ಬೇಕು ಹೇಳು, ಅಂಗಡಿ ದರದಲ್ಲೇ ಹಾಕಿಕೊಡುತ್ತೇನೆ ಎಂದು ಫೋನ್ ಮಾಡಿದ. ನನ್ನ ಬಾಗಿಲು ಕಂಪ್ಯೂಟರಿನೊಳಗೆ ಇರುತ್ತದೆ, ಅದಕ್ಕೆ ಬಿಜಾಗರಿ ಅಂದರೆ ಒಂದು ಅಂಕಿ ಅಷ್ಟೇ ಎಂದು ಬಿಡಿಸಿ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು, ಆದರೂ ಹಿತ್ತಾಳೆಯದ್ದೇ ಹಾಕು, ನೀರಲ್ಲಿ ಜಂಗು ಹಿಡಿಯುವುದಿಲ್ಲ ಅಂದ. ಮರುದಿನ ಆಫೀಸಿಗೆ ಹೋಗಿ ಬಿಜಾಗರಿಗೆ ಹಿತ್ತಾಳೆಯ ಬಣ್ಣ ಕೊಟ್ಟೆ. ಮಾವನ ಮಾತು ತೆಗೆದುಹಾಕಲು ಕಾರಣವೇನೂ ಇರಲಿಲ್ಲ.

ನಮ್ಮ ಕಂಪನಿಯ ಯಜಮಾನರು ತೆಲುಗಿನವರು. ಒಳ್ಳೆಯ ಮನುಷ್ಯ, ಆದರೆ ಎಲ್ಲವೂ ನಿಜದಂತೆ ಇರಬೇಕು ಎಂಬ ಚಟ ಅವರಿಗೆ. ಬೇರೆ ಗೇಮುಗಳಲ್ಲಿ ಸಬ್‌ಮರೀನಿನ ಬಾಗಿಲು ಲಿಫ್ಟಿನ ಬಾಗಿಲಿನಂತೆ ಸುಂಯ್ ಎಂದು ತೆರೆದು ಸುಂಯ್ ಎಂದು ಮುಚ್ಚುತ್ತದೆ. ಆ ಕಡೆ ಕುತ್ತಿಗೆಮಟ್ಟ ನೀರಿದ್ದರೂ ಅದಕ್ಕೆ ಲೆಕ್ಕವಿಲ್ಲ. ಇದನ್ನು ನೋಡಿದರೆ ಯಜಮಾನರು ಆಟ ಬಂದ್ ಮಾಡಿ ಎದ್ದುಬಿಡುತ್ತಾರೆ. ನಿಜದ ನೀರಿಗೆ ಭಾರವಿದೆ. ಬಾಗಿಲಿನ ಆ ಕಡೆ ಸೊಂಟಮಟ್ಟ ನೀರು ನಿಂತರೆ ಎಂಥ ಪೈಲ್ವಾನನಿಗೂ ಅದನ್ನು ನೀರಿನತ್ತ ತಳ್ಳಲು ಆಗುವುದಿಲ್ಲ. ನೀರಿಲ್ಲದ ಕಡೆಗೆ ತೆರೆಯುವ ಬಾಗಿಲಾದರೆ ಅಗಳಿ ತೆಗೆದ ಕೂಡಲೇ ತಾನೇ ತೆರೆದು ನಿಮ್ಮ ಮೂಗಿಗೆ ಬಡಿಯುತ್ತದೆ. ಎರಡೂ ಕಡೆ ನೀರು ಸಮವಾದ ಮೇಲೆ ಎಳೆಯ ಮಗುವೂ ತೆರೆಯಬಹುದು, ಆದರೆ ಅಷ್ಟೊತ್ತಿಗೆ ತೆರೆಯುವ ಅಗತ್ಯ ಯಾರಿಗೂ ಉಳಿದಿರುವುದಿಲ್ಲ. ಇದನ್ನೆಲ್ಲ ಲೆಕ್ಕ ಹಾಕಿ ಬರೆಯುವುದರಲ್ಲಿ ನನ್ನದೊಂದು ಚಳಿಗಾಲ ಕಳೆದುಹೋಯಿತು.

ಬಾಗಿಲಿನ ವಿಷಯದಲ್ಲಿ ನಮ್ಮ ಮನೆಯವರೂ ಕಡಿಮೆಯಿಲ್ಲ. ಅಜ್ಜ ಕಲಬುರಗಿ ಕಡೆಯಿಂದ ಸರ್ಕಾರಿ ನೌಕರಿಗೆಂದು ಬಂದು ಇಲ್ಲೇ ನಿಂತವರು. ಅಪ್ಪನೂ ಸರ್ಕಾರದ ಲೆಕ್ಕಪತ್ರದ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಹೊರಗೆ ತೆಲುಗು, ಬಜಾರಿನಲ್ಲಿ ಹಿಂದಿ, ಮನೆಯೊಳಗೆ ಮಾತ್ರ ಅಜ್ಜ ತಂದ ಕನ್ನಡ. ಆ ಕನ್ನಡದಲ್ಲಿ ಬಾಗಿಲಿಗೆ ಮೂರು ಸ್ಥಿತಿ. ತೆಗೆಯುವುದು ಎಲ್ಲರಿಗೂ ಗೊತ್ತು. ಹಾಕುವುದು ಅಂದರೆ ಚಿಲಕ ಜಡಿಯುವುದು. ಇವೆರಡರ ನಡುವೆ ಬಾಗಿಲು ಮುಂದೆ ಮಾಡುವುದು ಅಂತ ಒಂದಿದೆ: ಚೌಕಟ್ಟಿಗೆ ತಾಗುವಷ್ಟು ಎಳೆಯಬೇಕು, ಚಿಲಕ ಮುಟ್ಟಬಾರದು. ನೋಡುವವರಿಗೆ ಮುಚ್ಚಿದೆ, ಮನೆಯವರು ತಳ್ಳಿದರೆ ತೆರೆಯುತ್ತದೆ. ಯಾರಾದರೂ ಹೊರಗೆ ಹೋದ ಬೆನ್ನಿಗೇ ಬಾಗಿಲು ಹಾಕಬಾರದು, ಮುಂದೆ ಮಾಡಬೇಕು ಎಂಬುದು ಅವ್ವನ ಶಾಸ್ತ್ರ. ಹಾಕಿದರೆ ಹೋದವರನ್ನೇ ಹೊರಗೆ ಹಾಕಿದಂತಾಗುತ್ತದಂತೆ.

ಮಿಯಾಪುರದ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಈ ಶಾಸ್ತ್ರಕ್ಕೆ ಸಂಕಟ ಶುರುವಾಯಿತು. ಇಲ್ಲಿನ ಬಾಗಿಲಿಗೆ ತಾನೇ ಬೀಳುವ ಬೀಗ. ಮುಂದೆ ಮಾಡಿದರೆ ಟಕ್ ಎಂದು ಹಾಕಿಕೊಂಡೇಬಿಡುತ್ತದೆ. ಬಿಲ್ಡರು ಇದನ್ನು ಸೌಕರ್ಯ ಎಂದು ಹೇಳಿ ಮಾರಿದ್ದ. ಅವ್ವ ಒಂದು ವಾರ ಅದರ ಜೊತೆ ಜಗಳಾಡಿ, ಕೊನೆಗೆ ತನ್ನ ಹಳೆಯ ಹವಾಯಿ ಚಪ್ಪಲಿಯನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಸಿ ಗೆದ್ದಳು. ಯಾರಾದರೂ ಹೊರಗಿದ್ದಷ್ಟು ಹೊತ್ತು ಚಪ್ಪಲಿ ಅಲ್ಲಿರುತ್ತಿತ್ತು. ಅಪ್ಪನಿಗೆ ಅದು ಕಣ್ಣಿಗೆ ಬಿದ್ದರೆ ಆಗುತ್ತಿರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಇಡುವುದು ಯಾವ ಶಾಸ್ತ್ರದಲ್ಲಿದೆ ಎಂದು ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆಯೇ. ಅವ್ವ ಚಪ್ಪಲಿಯನ್ನು ಮಾತ್ರ ತೆಗೆಯುತ್ತಿರಲಿಲ್ಲ.

ನನಗೊಬ್ಬ ತಮ್ಮ. ಬ್ಯಾಂಕಿನಲ್ಲಿ ಪರ್ಮನೆಂಟ್ ಕೆಲಸದಲ್ಲಿದ್ದವನು ಅದನ್ನು ಬಿಟ್ಟು, ಉಪ್ಪಲ್ ಕಡೆಯ ಮೈದಾನಗಳಲ್ಲಿ ನಡೆಯುವ ಗಲ್ಲಿ ಕ್ರಿಕೆಟ್ ಪಂದ್ಯಗಳಿಗೆ ಕಾಮೆಂಟರಿ ಹೇಳಿ ಮೊಬೈಲಿನಲ್ಲಿ ಬಿಡುವ ಉದ್ಯೋಗ ಹಿಡಿದ. ತೆಲುಗಿನಲ್ಲಿ ಶುರು ಮಾಡಿ, ಹಿಂದಿಗೆ ಹಾರಿ, ಸಿಕ್ಸರ್ ಬಿದ್ದರೆ ತನಗೇ ಗೊತ್ತಿಲ್ಲದೆ ಕನ್ನಡದಲ್ಲಿ ಕಿರುಚುತ್ತಾನೆ. ಅದನ್ನು ನೋಡುವವರು ಬೇಕಾದಷ್ಟಿದ್ದಾರೆ, ಯಾಕೆಂದು ಮಾತ್ರ ನನಗೆ ತಿಳಿಯದು. ಮಂದಿ ಆಡುವುದನ್ನು ನೋಡಿ ಒದರುವುದೂ ಒಂದು ನೌಕರಿಯೇ ಎಂದು ಅಪ್ಪ ಕೇಳಿದರು. ಮಗಳು ಆಟದ ಬಾಗಿಲು ಮಾಡುತ್ತಾಳಲ್ಲ, ಅದು ನೌಕರಿಯೇ ಎಂದು ತಮ್ಮ ತಿರುಗಿ ಕೇಳಿದ. ಅದಕ್ಕೆ ಪಿಎಫ್ ಇದೆ ಅಂದರು ಅಪ್ಪ. ನನ್ನನ್ನು ನಡುವೆ ಎಳೆದದ್ದು ನನಗೆ ಇಷ್ಟವಾಗಲಿಲ್ಲ, ಆದರೆ ಆ ಹೊತ್ತಿಗೆ ಮಾತು ನನ್ನನ್ನು ದಾಟಿ ಮುಂದೆ ಹೋಗಿತ್ತು.

ಅವತ್ತು ದೀಪ ಹಚ್ಚುವ ಹೊತ್ತಿಗೆ ತಮ್ಮ ಬ್ಯಾಗು ಹೆಗಲಿಗೇರಿಸಿದ. ನಮ್ಮ ಮನೆಯಲ್ಲಿ ಕೆಳಗಿಳಿದು ಕೊತ್ತಂಬರಿ ತರಲು ಹೊರಟವರೂ "ಹೋಗಿ ಬರ್ತೀನಿ" ಅನ್ನಬೇಕು. ಅವನು "ಹೋಗ್ತೀನಿ" ಅಂದ. ಅಷ್ಟೇ ಅಂದ. ಅಪ್ಪ ಪೇಪರಿನಿಂದ ತಲೆ ಎತ್ತದೆ ಅವ್ವನಿಗೆ, "ಬಾಗಲ ಹಾಕು" ಅಂದರು. ಅವ್ವ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಚಪ್ಪಲಿ ಇಟ್ಟು ಬಂದಳು. ಅಪ್ಪ ಅದನ್ನು ನೋಡಿ ಪೇಪರಿನ ಪುಟ ತಿರುವಿದರು.

ಅದಾದ ಮೇಲೆ ಎರಡು ಮಳೆಗಾಲ ಹೋದವು. ಚಪ್ಪಲಿ ಬೆಳಿಗ್ಗೆ ಬಾಗಿಲಿಗೆ ಬರುತ್ತಿತ್ತು, ಮಲಗುವಾಗ ಒಳಗೆ ಹೋಗುತ್ತಿತ್ತು. ಮಿಯಾಪುರದಲ್ಲಿ ಮೆಟ್ರೋ ಹತ್ತಿ ನಡುವೆ ಒಂದು ಸಲ ಗಾಡಿ ಬದಲಿಸಿದರೆ ತಮ್ಮ ರೂಮು ಮಾಡಿಕೊಂಡಿದ್ದ ಉಪ್ಪಲ್. ಅಪ್ಪ ಆ ಕಡೆ ಹೋಗಲಿಲ್ಲ, ತಮ್ಮ ಈ ಕಡೆ ಬರಲಿಲ್ಲ. ಅಪ್ಪ ಸಂಜೆ ವಾಕಿಂಗಿಗೆ ಹೋದಾಗ ತಮ್ಮ ಅವ್ವನಿಗೆ ಫೋನ್ ಮಾಡುತ್ತಿದ್ದ, ಅವ್ವ ಬಾಲ್ಕನಿಯಲ್ಲಿ ನಿಂತು ಮಾತಾಡುತ್ತಿದ್ದಳು. ಒಂದು ದಿನ ನಾನು ಆಫೀಸಿನಿಂದ ಬೇಗ ಬಂದಾಗ ಅಪ್ಪ ಕೆಳಗೆ ಬೆಂಚಿನ ಮೇಲೆ ಕೂತು ನಮ್ಮ ಬಾಲ್ಕನಿಯನ್ನೇ ನೋಡುತ್ತಿದ್ದರು. ಅವ್ವ ಫೋನ್ ಇಟ್ಟು ಒಳಗೆ ಹೋದ ಮೇಲೆ ಎದ್ದರು. ಅವರ ವಾಕಿಂಗು ಬಹುಪಾಲು ಹೀಗೆ ಕೂತೇ ಆಗುತ್ತಿತ್ತು ಅನ್ನುವುದು ನನಗೆ ಅವತ್ತು ಗೊತ್ತಾಯಿತು. ಅವ್ವ ಸೊರಗುತ್ತಿದ್ದಳು. ಅವಳನ್ನು ನೋಡಿದರೆ ಸಂಕಟವಾಗುತ್ತಿತ್ತು, ಆ ಅಪ್ಪ ಮಗನನ್ನು ನೆನೆದರೆ ಮೈ ಉರಿಯುತ್ತಿತ್ತು. ಒಬ್ಬರು ಇನ್ನೊಬ್ಬರಿಗೆ ಒಂದು ಮಾತು ಆಡಿದರೆ ಸಾಕು, ನನಗೆ ಬೇರೇನೂ ಬೇಕಿರಲಿಲ್ಲ.

ಇದೇ ಕಾಲಕ್ಕೆ ಯಜಮಾನರು ಗೇಮನ್ನು ನಮ್ಮ ಭಾಷೆಗಳಲ್ಲೂ ತರಬೇಕು ಎಂದು ತೀರ್ಮಾನಿಸಿದರು. ಆಫೀಸಿನಲ್ಲಿ ಕನ್ನಡ ಬರುವವಳು ನಾನೊಬ್ಬಳೇ, ಹಾಗಾಗಿ ಬಾಗಿಲಿನ ಜೊತೆ ಕನ್ನಡವೂ ನನ್ನ ತಲೆಗೆ ಬಂತು. ಬಾಗಿಲು ಮುಚ್ಚುವ ಬಟನ್ನಿಗೆ, ಎರಡನೇ ಯೋಚನೆಯನ್ನೇ ಮಾಡದೆ, "ಬಾಗಿಲು ಮುಂದೆ ಮಾಡಿ" ಎಂದು ಬರೆದೆ. ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ಕೇಳಿದ ಮಾತು ಅದು, ಲೋಕದಲ್ಲಿ ಬೇರೆ ಕನ್ನಡ ಇದೆ ಅನ್ನುವುದೇ ನೆನಪಾಗಲಿಲ್ಲ. ಮೈಸೂರು ಕಡೆಯ ಆಟಗಾರರಿಂದ ದೂರು ಬಂತು. ಬಾಗಿಲನ್ನು ಮುಂದೆ ಮಾಡುವುದು ಹೇಗೆ, ಅದು ಗೋಡೆಯಲ್ಲಿ ಕೂತಿದೆಯಲ್ಲ ಎಂದು ಒಬ್ಬರು ಕೇಳಿದ್ದರು. ಇನ್ನೊಬ್ಬರು ನೌಕೆಯನ್ನೇ ಮುಂದಕ್ಕೆ ಓಡಿಸಿ ಬಂಡೆಗೆ ಗುದ್ದಿಸಿದ್ದರು. ರಾಯಚೂರು ಕಡೆಯಿಂದ ಬಂದ ದೂರು ಬೇರೆಯೇ. ಮುಂದೆ ಮಾಡಿ ಅಂತ ಬರೆದು ಒಳಗಿಂದ ಅಗಳಿ ಹಾಕಿಬಿಡುತ್ತೀರಲ್ಲ, ಆ ಕಡೆ ನಮ್ಮವನೊಬ್ಬ ಇದ್ದ, ಅವನು ಸತ್ತ, ಇದು ಮೋಸ ಎಂದು ಬರೆದಿದ್ದರು. ಅದನ್ನು ಓದುವಾಗ ನಮ್ಮ ಮನೆಯವರೇ ಯಾರೋ ಬೈದಂತೆ ಆಯಿತು.

ಯಜಮಾನರ ಮುಂದೆ ನಿಂತು ಈ ಮೂರನೆಯ ಸ್ಥಿತಿಯನ್ನು ಇಂಗ್ಲಿಷಿನಲ್ಲಿ ವಿವರಿಸಲು ಒದ್ದಾಡಿದೆ. ಅವರು ಸ್ವಲ್ಪ ಹೊತ್ತು ಕೇಳಿ, "ಓ, ದಗ್ಗರಗಾ ವೇಯಡಮಾ?" ಅಂದರು. ಅವರ ಅಮ್ಮನೂ ಬಾಗಿಲನ್ನು ಹತ್ತಿರಕ್ಕೆ ಹಾಕು ಅನ್ನುವವರೇ. ಆಮೇಲೆ ಅವರು, ತಪ್ಪು ಭಾಷೆಯದ್ದಲ್ಲ, ಬಾಗಿಲಿನದು, ಬಾಗಿಲನ್ನೇ ತಿದ್ದು ಅಂದರು.

ತಿದ್ದಿದೆ. ಹಾಕಲು ಒಂದು ಬಟನ್, ಮುಂದೆ ಮಾಡಲು ಇನ್ನೊಂದು. ಮೈಸೂರಿನವರ ಸಲುವಾಗಿ ಪಕ್ಕದಲ್ಲೊಂದು ಚಿತ್ರ. ಆದರೆ ನಿಜದಂತೆ ಇರಬೇಕಲ್ಲ. ಅಗಳಿ ಇಲ್ಲದ ಬಾಗಿಲನ್ನು ಆ ಕಡೆಯ ನೀರು ತಳ್ಳಿ ತೆರೆದುಬಿಡುತ್ತದೆ. ಅದಕ್ಕೇ ಮುಂದೆ ಮಾಡಿದವನು ಅಲ್ಲೇ ನಿಂತು, ಬಟನ್ ಒತ್ತಿ ಹಿಡಿದು, ಬಾಗಿಲಿಗೆ ಹೆಗಲು ಕೊಟ್ಟಿರಬೇಕು. ಆ ಕಡೆಯವನು ಈಜಿ ಬಂದಾಗ ಕೈ ತೆಗೆದು ಅವನನ್ನು ಒಳಗೆ ಬಿಟ್ಟುಕೊಂಡು, ಇಬ್ಬರೂ ಕೂಡಿ ಒತ್ತಿ ಅಗಳಿ ಹಾಕಬೇಕು. ಸ್ವಲ್ಪ ನೀರು ಒಳಗೆ ಬಂದೇ ಬರುತ್ತದೆ, ಅದಕ್ಕೆ ಉಪಾಯವಿಲ್ಲ.

ಇದು ಗೇಮ್ ಆಡದವರಿಗೂ ತಿಳಿಯುತ್ತದೆಯೇ ಎಂದು ನೋಡಲು ಅಪ್ಪನನ್ನು ಕೂರಿಸಿದೆ. ಅವರು ಕನ್ನಡಕ ಹಾಕಿಕೊಂಡು ಸೂಚನೆಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿ, ಎರಡು ಕಾಗುಣಿತದ ತಪ್ಪು ಹಿಡಿದು, ಆಮೇಲೆ ನೌಕೆ ಹತ್ತಿದರು. ನಮ್ಮ ಆಫೀಸಿನ ಹುಡುಗರು ಅವರ ಜೊತೆಗಾರರು. ಪರದೆಯ ಮೇಲೆ ಹೆಸರಿಲ್ಲ, ಅಂಗಿಯ ಬಣ್ಣ ಮಾತ್ರ. ಅಪ್ಪನ ಮೈಕು ಸದಾ ಚಾಲೂ ಇರುತ್ತಿತ್ತು, ಅದನ್ನು ಬಂದ್ ಮಾಡುವುದನ್ನು ಅವರು ಕಲಿಯಲಿಲ್ಲ. ನೀರು ಕಂಡರೆ ಸಾಕು, ಆ ಕಡೆ ಯಾರಿದ್ದಾರೆ ಎಂದು ನೋಡದೆ ಬಾಗಿಲು ಹಾಕಿಬಿಡುತ್ತಿದ್ದರು. ಆ ಕಡೆಯಿಂದ ಹುಡುಗರು ಬಡಿದುಕೊಳ್ಳುವಾಗ, ಸಾರಿ ಬಾಬು, ರೂಲ್ ಅಂದರೆ ರೂಲ್ ಎಂದು ಸಮಾಧಾನ ಹೇಳುತ್ತಿದ್ದರು. ಒಂದೇ ವಾರದಲ್ಲಿ ಆಫೀಸಿನ ಹುಡುಗರಿಗೆ ನಮ್ಮಪ್ಪನ ಹೆಸರೆತ್ತಿದರೆ ನಡುಕ. ಹೊಸ ಬಟನ್ನನ್ನು ಅವರು ಒಂದು ಸಲವೂ ಒತ್ತಲಿಲ್ಲ. "ಹಾಕಬೇಕು, ಇಲ್ಲಾ ತಗೀಬೇಕು. ಇದೇನು ನಡುವಿಂದು?" ಎಂದು ನನ್ನನ್ನು ಕೇಳಿ, ನಮ್ಮ ಮನೆಯ ಬಾಗಿಲಲ್ಲಿದ್ದ ಚಪ್ಪಲಿಯ ಕಡೆಗೆ ಒಮ್ಮೆ ನೋಡಿದರು.

ಹೆದರಿದ ಹುಡುಗರಲ್ಲಿ ಒಬ್ಬ ಬರುವುದನ್ನು ಬಿಟ್ಟ. ಜನ ಸಾಲದು, ಸಂಜೆ ಒಂದು ಗಂಟೆ ಆಡಿ ಕೊಡು ಎಂದು ತಮ್ಮನಿಗೆ ಹೇಳಿದೆ. ಯಾರ ಜೊತೆ ಅನ್ನುವುದನ್ನು ಹೇಳಲಿಲ್ಲ. ಅವನಿಗೆ ಕೆಂಪು ಅಂಗಿ ಬಂತು. ನೌಕೆಯೊಳಗೆ ಕಾಲಿಟ್ಟವನು ಅಪ್ಪನ ದನಿ ಕೇಳಿದ ಕೂಡಲೇ ನಡೆಯುತ್ತಿದ್ದಲ್ಲೇ ನಿಂತುಬಿಟ್ಟ. ನನ್ನ ಮೊಬೈಲಿಗೆ, ಅಕ್ಕಾ ಇದೇನಿದು ಎಂದು ಸಂದೇಶ ಬಂತು. ಕೆಲಸ, ಮಾಡು ಎಂದು ಉತ್ತರಿಸಿದೆ. ಅವನು ಮೈಕು ಬಂದ್ ಮಾಡಿಕೊಂಡ. ಬಾಯಿಗೆ ಬಿಡುವಿಲ್ಲದೆ ಬದುಕುವವನು ಒಂದು ಗಂಟೆ ತುಟಿ ಬಿಚ್ಚದೆ ಪಂಪು ರಿಪೇರಿ ಮಾಡಿದ. ಮರುದಿನ ನಾನು ಕರೆಯದೆಯೇ ಅದೇ ಹೊತ್ತಿಗೆ ಬಂದ. ಅದರ ಮರುದಿನವೂ ಬಂದ.

ಅಪ್ಪನಿಗೆ ಆ ಕೆಂಪು ಅಂಗಿಯವನು ಹಿಡಿಸಿಹೋದ. "ಆ ಕೆಂಪಂಗಿ ಹುಡುಗ ಯಾರವ್ವಾ? ಮಾತಿಲ್ಲ ಕತಿಲ್ಲ, ಹೇಳಿದ ಕೆಲಸ ಮಾಡ್ತಾನ. ಇಂಥಾ ಹುಡುಗ್ರು ಈಗ ಎಲ್ಲಿ ಸಿಗ್ತಾರ" ಅಂದರು. ಆಫೀಸಿನವನು ಅಂದೆ. ಅವ್ವನಿಗೆ ಮಾತ್ರ ಅಡಿಗೆಮನೆಯಲ್ಲಿ ನಿಜ ಹೇಳಿದೆ. ಅವತ್ತಿನಿಂದ ಅವಳು ಸಂಜೆ ಮೆಂತ್ಯ ಸೊಪ್ಪು ಸೋಸುವ ಕೆಲಸವನ್ನು ಅಪ್ಪನ ಹಿಂದಿನ ಸೋಫಾಕ್ಕೆ ತಂದಳು. ಕೆಂಪು ಅಂಗಿ ಎತ್ತ ಹೋದರೂ ಅವಳ ಕಣ್ಣು ಅತ್ತ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಅಷ್ಟು ಮೆಂತ್ಯ ಯಾವತ್ತೂ ಬೆಂದಿರಲಿಲ್ಲ.

ಆ ಶನಿವಾರ ಆಫೀಸಿನ ಹುಡುಗರಿಬ್ಬರೂ ಯಾರದೋ ಮದುವೆಗೆ ಹೋಗಿದ್ದರು. ನೌಕೆಯಲ್ಲಿ ಅಪ್ಪ ಮತ್ತು ಕೆಂಪು ಅಂಗಿ ಇಬ್ಬರೇ. ಕೆಂಪು ಅಂಗಿ ಎಂಜಿನ್ ಕೋಣೆಯ ತುದಿಯಲ್ಲಿ ಪಂಪಿನ ಹತ್ತಿರ ಇದ್ದಾಗ ಅಲ್ಲೇ ಗೋಡೆ ಒಡೆಯಿತು. ಅಪ್ಪ ನಡುವಿನ ಬಾಗಿಲಲ್ಲಿ ನಿಂತಿದ್ದರು. ಅವರ ಬೆರಳು ರೂಢಿಯಂತೆ ಅಗಳಿಯ ಬಟನ್ನಿನ ಕಡೆ ಹೋಯಿತು. ಆಗ ಸ್ಪೀಕರಿನಿಂದ ಮಾತು ಬಂತು.

"ಅಪ್ಪಾ, ಬಾಗಲ ಹಾಕ್ರಿ. ನನ್ನ ಸಲುವಾಗಿ ನಿಂದ್ರಬ್ಯಾಡ್ರಿ. ನೀರ ಭಾಳ ಬರಾಕತ್ತೈತಿ."

ಅಪ್ಪನ ಬೆರಳು ಅಲ್ಲೇ ನಿಂತಿತು. ಹಿಂದೆ ಅವ್ವನ ಕೈಯೂ ನಿಂತಿತು. ನಾನು ಮಾಡಿದ ನೀರು ಯಾರಿಗೂ ಕಾಯುವಂಥದ್ದಲ್ಲ, ಅದು ಮೊಣಕಾಲು ದಾಟಿತು. ಅಪ್ಪ ಪರದೆಯಿಂದ ಕಣ್ಣು ತೆಗೆಯದೆ, ಆ ಮುಂದೆ ಮಾಡುವ ಬಟನ್ ಯಾವುದು ಎಂದು ನನ್ನನ್ನು ಕೇಳಿದರು. ತೋರಿಸಿದೆ. ಒತ್ತಿದರು.

"ಮುಂದ ಮಾಡೀನಿ. ಜಲ್ದಿ ಬಾ."

ನೀರು ಏರುತ್ತಾ ಹೋಯಿತು, ಬಾಗಿಲು ಅದುರತೊಡಗಿತು. ಅಪ್ಪ ಎರಡೂ ಕೈಯ ಹೆಬ್ಬೆರಳಿನಿಂದ ಬಟನ್ ಒತ್ತಿ ಹಿಡಿದು, ಕುರ್ಚಿಯಲ್ಲಿ ಕೂತೇ ಬಲಹೆಗಲನ್ನು ಮೇಜಿಗೆ ಆನಿಸಿಬಿಟ್ಟಿದ್ದರು. ಕೆಂಪು ಅಂಗಿ ಈಜಿ ಬಂದು ಆ ಕಡೆಯಿಂದ ತಳ್ಳಿತು. ಬಾಗಿಲು ಮಿಸುಕಲಿಲ್ಲ. ಇನ್ನೊಮ್ಮೆ ತಳ್ಳಿತು. ಅಗಳಿ ಬಿದ್ದಿರಲಿಲ್ಲ, ಅಪ್ಪನೇ ಅಷ್ಟು ಬಲವಾಗಿ ಹಿಡಿದಿದ್ದರು.

"ಅಪ್ಪಾ, ಕೈ ತಗೀರಿ."

"ಕೈ ತಗದ್ರ ನೀರ ಒಳಗ ಬರ್ತೈತಿ."

"ಬರ್ಲಿ ಬಿಡ್ರಿ. ನಾನೂ ಬರ್ತೀನಿ."

ಅಪ್ಪ ಕೈ ತೆಗೆದರು. ಬಾಗಿಲು ಹಾರಿ ತೆರೆದು, ನೀರೂ ಕೆಂಪು ಅಂಗಿಯೂ ಒಟ್ಟಿಗೆ ಒಳಗೆ ಬಂದು, ಇಬ್ಬರೂ ನೆಲಕ್ಕೆ ಬಿದ್ದರು. ಆ ಕೂಡಲೇ ಕೂಡಿ ಒತ್ತಿ ಅಗಳಿ ಹಾಕಬೇಕಿತ್ತು. ಇಬ್ಬರಿಗೂ ಆ ನಿಯಮ ಚೆನ್ನಾಗಿ ಗೊತ್ತಿತ್ತು, ಇಬ್ಬರೂ ಹಾಕಲಿಲ್ಲ. ಕೆಂಪು ಅಂಗಿ ಎದ್ದು ನಿಲ್ಲುವುದನ್ನು ಅಪ್ಪ ನೋಡುತ್ತಾ ಕೂತರು. ದೀಪಗಳು ಆರಿದವು. "ನೌಕೆ ಮುಳುಗಿತು" ಎಂದು ನಾನು ಬರೆದ ಕನ್ನಡ ಪರದೆಯ ಮೇಲೆ ಬಂತು.

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಒರೆಸುವಷ್ಟು ಕೊಳೆ ಅದರಲ್ಲಿ ಇರಲಿಲ್ಲ. ಆಮೇಲೆ ಕತ್ತಲೆಯ ಪರದೆಗೇ, ನಾಳೆ ಐತಾರ, ಮ್ಯಾಚ್ ಇದೆಯೇನು ಎಂದು ಕೇಳಿದರು. ಮ್ಯಾಚ್ ಎಂಬ ಶಬ್ದ ಅವರ ಬಾಯಿಂದ ಬಂದದ್ದು ಅದೇ ಮೊದಲು. ಬೆಳಿಗ್ಗೆ ಇದೆ, ಮಧ್ಯಾಹ್ನ ಖಾಲಿ ಎಂದು ತಮ್ಮ ಹೇಳಿದ. ಹಾಗಾದರೆ ಮಧ್ಯಾಹ್ನ ಬಾ ಎಂದು ಹೇಳಿ ಅಪ್ಪ ಎದ್ದು ಬಚ್ಚಲಿಗೆ ಹೋದರು, ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದರು. ಅವ್ವ ಮೆಂತ್ಯದ ಬುಟ್ಟಿಯ ಮೇಲೆ ಬಾಗಿ ಅಳುತ್ತಿದ್ದಳು. ನನಗೂ ಅಳು ಬಂತು. ಸೋಮವಾರ ಯಜಮಾನರಿಗೆ ಕೊಟ್ಟ ವರದಿಯಲ್ಲಿ, ಆಟಗಾರ ಬಟನ್ ಬಳಸಿದರು, ಆದರೆ ಅಗಳಿ ಹಾಕಲಿಲ್ಲ ಎಂದು ಬರೆದೆ. ಸೂಚನೆ ಅರ್ಥವಾಗಲಿಲ್ಲವೇ ಎಂದು ಅವರು ಕೇಳಿದರು. ಅರ್ಥವಾಗಿತ್ತು ಅಂದೆ.

ಅದಕ್ಕೆ ಮೊದಲು, ತಮ್ಮ ಬರಬೇಕಿದ್ದ ಭಾನುವಾರ, ಅವ್ವ ಬೆಳಿಗ್ಗೆಯಿಂದಲೇ ರೊಟ್ಟಿ ಬಡಿಯತೊಡಗಿದಳು. ನಾನು ಹಾಲು ತರಲೆಂದು ಹೊರಟಾಗ ಬಾಗಿಲಲ್ಲಿ ಹವಾಯಿ ಚಪ್ಪಲಿ ಇರಲಿಲ್ಲ. ಅದು ಸ್ಟ್ಯಾಂಡಿನಲ್ಲಿ ತನ್ನ ಜೋಡಿಯ ಪಕ್ಕ ಕೂತಿತ್ತು. ಅದರ ಜಾಗದಲ್ಲಿ ಅಪ್ಪನ ಚರ್ಮದ ಚಪ್ಪಲಿ ಇತ್ತು, ಮದುವೆ ಮುಂಜಿಗಳಿಗೆ ಮಾತ್ರ ಹಾಕುವಂಥದ್ದು. ನಾನು ಅದನ್ನು ದಾಟಿಕೊಂಡು ಹೋಗಿ ದಾಟಿಕೊಂಡು ಬಂದೆ. ಅವ್ವನೂ ನೋಡಿದ್ದಳು.

ಮಧ್ಯಾಹ್ನ ಲಿಫ್ಟ್ ನಿಂತ ಸದ್ದಾಯಿತು. ಅಪ್ಪ ಪೇಪರ್ ಹಿಡಿದುಕೊಂಡರು. ಬೆಲ್ ಆಗಲಿಲ್ಲ. ಬಾಗಿಲು ಮೆಲ್ಲಗೆ ಒಳಕ್ಕೆ ಸರಿಯಿತು, ತಮ್ಮ ಬಗ್ಗಿ ಚಪ್ಪಲಿಯನ್ನು ಕೈಗೆತ್ತಿಕೊಂಡ. ಅದು ಯಾರದೆಂದು ಅವನಿಗೆ ಗೊತ್ತಾಯಿತು. ಅದನ್ನು ಒಯ್ದು ಸ್ಟ್ಯಾಂಡಿನಲ್ಲಿ ಸರಿಯಾಗಿ ಇಟ್ಟು, ತಿರುಗಿ ಬಂದು ಹೊಸ್ತಿಲ ಹತ್ತಿರ ನಿಂತ. ಬಾಗಿಲು ಅವನ ಹಿಂದೆ ತೆರೆದೇ ಇತ್ತು.

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ತಮ್ಮ ಮನೆ ಬಿಟ್ಟ ದಿನ ಹೇಳಿದ ದನಿಯಲ್ಲೇ ಹೇಳಿದರು:

"ಒಳಗ ಬಂದಿ ಅಲ್ಲ. ಈಗ ಬಾಗಲ ಹಾಕು."

ತಮ್ಮ ಬಾಗಿಲು ಹಾಕಿದ.